ಸೆಂಟ್ ಅಲ್ಲದ ಸೆಂಟು

ಪ್ರಶ್ನೆ: ಒಹಾಯೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೆ ಸಾಮಾನಿನ ಸಂತೆಯಲ್ಲಿ 1863ರ ಪುಟ್ಟ ತಾಮ್ರದ ಬಿಲ್ಲೆ ಸಿಕ್ಕಿತು. ಒಂದು ಕಡೆ ಗರಿ ಕಿರೀಟದ ತಲೆ, ಇನ್ನೊಂದು ಕಡೆ ದಪ್ಪಕ್ಷರದಲ್ಲಿ ‘ಒನ್ ಸೆಂಟ್’, ಅದರ ಮೇಲೆ ಸಣ್ಣದಾಗಿ ‘ನಾಟ್’. ಇದು ಖೋಟಾ ನಾಣ್ಯವೇ? ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ಇಂಥವನ್ನು ಸಂಗ್ರಹಿಸಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಹುಣಸೆಹಣ್ಣು ಒಳಗಿಡಿ. ತಿಕ್ಕಿದರೆ ಚೊಂಬು ಹೊಳೆಯುತ್ತದೆ, ಬಿಲ್ಲೆಯ ಬೆಲೆ ಮಾತ್ರ ಬಿದ್ದುಹೋಗುತ್ತದೆ.

ಇದು ಅಮೆರಿಕದ ಅಂತರ್ಯುದ್ಧ ಕಾಲದ ಖಾಸಗಿ ಟೋಕನ್, ಅಂದರೆ ನಾಣ್ಯದ ಬದಲು ಓಡಾಡಿದ ಬಿಲ್ಲೆ ಇರಬೇಕು. 1861ರ ಡಿಸೆಂಬರ್ ಕೊನೆಗೆ ಬ್ಯಾಂಕುಗಳು ನೋಟಿಗೆ ಚಿನ್ನ, ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಜನ ಕೈಗೆ ಬಂದ ನಾಣ್ಯವನ್ನೆಲ್ಲ ಬಚ್ಚಿಟ್ಟರು. ಮರುವರ್ಷ ಸೆಂಟೂ ಸಿಗದಾಯಿತು. ಅಂಚೆಚೀಟಿಯನ್ನೇ ಚಿಲ್ಲರೆಯಾಗಿ ಕೊಟ್ಟು ನೋಡಿದರು, ಅದು ಬೆವರುಗೈಗೆ ಅಂಟಿಕೊಳ್ಳುತ್ತಿತ್ತು. ಆಗ ವ್ಯಾಪಾರಿಗಳು ಅಚ್ಚು ಕೊರೆಯುವವರಿಂದ ಸೆಂಟಿನ ಅಳತೆಯಲ್ಲೇ, ಸುಮಾರು 19 ಮಿ.ಮೀ. ಬಿಲ್ಲೆ ಹೊಡೆಸಿಕೊಂಡರು. ಒಟ್ಟು ಎರಡೂವರೆ ಕೋಟಿ ಇರಬಹುದೆಂಬ ಅಂದಾಜಿದೆ. ಒಂದಕ್ಕೆ ತಗಲುವ ಖರ್ಚು ಸೆಂಟಿಗಿಂತ ಕಡಿಮೆ, ಹಾಗಾಗಿ ಲಾಭವೂ ಇತ್ತು. ಆ ಸಣ್ಣ ‘ನಾಟ್’ (ಅಲ್ಲ) ಖೋಟಾ ನಾಣ್ಯದ ಆರೋಪದಿಂದ ತಪ್ಪಿಸಿಕೊಳ್ಳುವ ಉಪಾಯ.

ನ್ಯೂಯಾರ್ಕಿನ ಬಿಯರ್ ಅಂಗಡಿಯ ಲಿಂಡನ್‌ಮ್ಯುಲರ್ ಹತ್ತು ಲಕ್ಷಕ್ಕೂ ಹೆಚ್ಚು ಟೋಕನ್ ಹರಿಯಬಿಟ್ಟವನು. ಥರ್ಡ್ ಅವೆನ್ಯೂ ರೈಲ್‌ರೋಡ್ ಕಂಪನಿ ಟಿಕೆಟ್ ದುಡ್ಡಾಗಿ ಬಂದ ರಾಶಿಯನ್ನು ಹೊತ್ತು ತಂದು ಹಣ ಕೇಳಿದರೆ, ಆಸಾಮಿ ಕೊಡಲಿಲ್ಲ! ಕೊಡಿಸಲು ಕಾನೂನೂ ಇರಲಿಲ್ಲ. 1864ರ ಏಪ್ರಿಲ್‌ನಲ್ಲಿ ಸರ್ಕಾರ ಕಂಚಿನ ಸೆಂಟ್ ತಂದಿತು, ಜೂನ್‌ನಲ್ಲಿ ಖಾಸಗಿ ನಾಣ್ಯಕ್ಕೆ ನಿಷೇಧ ಬಿತ್ತು.

ನಿಮ್ಮದು ಅಂಗಡಿಯ ಹೆಸರಿಲ್ಲದ, ದೇಶಭಕ್ತಿಯ ಟೋಕನ್ನುಗಳ ಗುಂಪಿನದು. ನನ್ನ ಒಲವು ಅಂಗಡಿ ಹೆಸರಿರುವವುಗಳ ಕಡೆಗೆ: ಕಿರಾಣಿ, ಬೂಟು, ಔಷಧಿ ಎಂದು ಒಂದು ಊರಿನ ಪೇಟೆಯೇ ಕೈಗೆ ಬರುತ್ತದೆ. ಮಗಳು ಒಹಾಯೊದಲ್ಲಿದ್ದಾರೆಂದರೆ ಸಿನ್ಸಿನಾಟಿ ಹಿಡಿಯಿರಿ, ಅಂಗಡಿ ಟೋಕನ್ನುಗಳಲ್ಲಿ ಅಷ್ಟು ಸಮೃದ್ಧ ಊರು ಕಡಿಮೆ. ಕೊಳ್ಳುವಾಗ ಫುಲ್ಡ್ ಸಂಖ್ಯೆ ಕೇಳಿ, ಅಂದರೆ ಜಾರ್ಜ್ ಮತ್ತು ಮೆಲ್ವಿನ್ ಫುಲ್ಡ್ ಮಾಡಿದ ಟೋಕನ್ ಪಟ್ಟಿಯಲ್ಲಿ ಅದರ ಸಂಖ್ಯೆ; ಎಷ್ಟು ಅಪರೂಪ ಎಂದು ಹೇಳುವ ಗುರುತಿನಲ್ಲಿ ಆರ್-1 ಎಂದರೆ ಧಾರಾಳ, ಆರ್-10 ಎಂದರೆ ಒಂದೇ ಒಂದು. ಬೆಳ್ಳಿಯಲ್ಲಿ ಹೊಡೆದವನ್ನು ಸದ್ಯಕ್ಕೆ ಮುಟ್ಟಬೇಡಿ. ಅವು ಚಿಲ್ಲರೆಯಾಗಿ ಓಡಾಡಿದವಲ್ಲ, ಅಂದಿನ ಸಂಗ್ರಾಹಕರಿಗೆಂದೇ ಮಾಡಿದ್ದು, ಬೆಲೆಯೂ ಜಾಸ್ತಿ.