ಪ್ರಿಂಟ್ ಯಾಕೆ ಕಪ್ಪಾಗಿ ಬರುತ್ತದೆ?

ಪ್ರಶ್ನೆ: ರಾಣೆಬೆನ್ನೂರಿನಲ್ಲಿ ಚಿಕ್ಕ ಸ್ಟುಡಿಯೊ ಇಟ್ಟುಕೊಂಡಿದ್ದೇನೆ ಸರ್. ಮದುವೆ ಆಲ್ಬಮ್‌ಗಳನ್ನು ನಾನೇ ಡಿಸೈನ್ ಮಾಡಿ ಲ್ಯಾಬ್‌ಗೆ ಕಳುಹಿಸುತ್ತೇನೆ. ಮಾನಿಟರ್‌ನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಪ್ರಿಂಟ್ ಕಪ್ಪಾಗಿ ಬರುತ್ತದೆ, ಮುಖಗಳು ಕೆಂಪಡರಿರುತ್ತವೆ. ಲ್ಯಾಬ್ ಬದಲಿಸಿ ನೋಡಿದ್ದಾಯಿತು. ಈಗ ಎಲ್ಲ ಫೋಟೊಗಳನ್ನೂ ಅಂದಾಜಿನ ಮೇಲೆ ಬೆಳ್ಳಗೆ ಮಾಡಿ ಕಳುಹಿಸುತ್ತಿದ್ದೇನೆ. ಹೊಸ ಮಾನಿಟರ್ ಕೊಳ್ಳಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಈಗಿರುವ ಮಾನಿಟರ್‌ನ ಬ್ರೈಟ್‌ನೆಸ್ ಇಳಿಸಿ. ಕಲರ್ ಲ್ಯಾಬ್‌ನಲ್ಲಿ ಬಹಳ ವರ್ಷ ಪ್ರಿಂಟ್ ತೆಗೆದವನು ನಾನು. 'ಕಪ್ಪಾಗಿದೆ' ಎಂದು ವಾಪಸು ಬರುತ್ತಿದ್ದ ಆಲ್ಬಮ್‌ಗಳ ಹಿಂದೆ ಹೆಚ್ಚಾಗಿ ಇರುತ್ತಿದ್ದುದು ಕಣ್ಣು ಕೋರೈಸುವಷ್ಟು ಬೆಳಗುವ ಒಂದು ಮಾನಿಟರ್.

ಪರದೆಗೆ ಸ್ವಂತ ಬೆಳಕಿದೆ, ಕಾಗದಕ್ಕೆ ಇಲ್ಲ. ಕೋಣೆಯಲ್ಲಿ ಎಷ್ಟು ಬೆಳಕಿದೆಯೋ ಅದರಲ್ಲಿ ಒಂದು ಪಾಲನ್ನು ಕಾಗದ ನಮಗೆ ಮರಳಿಸುತ್ತದೆ, ಅಷ್ಟೇ. ಹೊಸ ಮಾನಿಟರ್‌ಗಳು ಚದರ ಮೀಟರ್‌ಗೆ 250-300 ಕ್ಯಾಂಡೆಲಾವರೆಗೆ ಬೆಳಗಬಲ್ಲವು. ಅಂಗಡಿಯಲ್ಲಿ ಆಕರ್ಷಕವಾಗಿ ಕಾಣಲಿ ಎಂದು ಅವನ್ನು ಅದರ ಆಸುಪಾಸಿನಲ್ಲೇ ಇಟ್ಟಿರುತ್ತಾರೆ. ಪ್ರಿಂಟ್ ಕೆಲಸಕ್ಕೆ ಬೇಕಾದದ್ದು 80ರಿಂದ 120 ಮಾತ್ರ. 250-300ರಲ್ಲಿ ಬೆಳಗುವ ಪರದೆಯಲ್ಲಿ ವರನ ಮುಖ ಸರಿಯಾಗಿ ಕಂಡಿತೆಂದು ನೀವು ತಿದ್ದದೆ ಬಿಟ್ಟ ಫೋಟೊ ನಿಜದಲ್ಲಿ ಕತ್ತಲೆಯಲ್ಲೇ ಇರುತ್ತದೆ. ಲ್ಯಾಬ್‌ನವರು ಅದನ್ನು ಇದ್ದ ಹಾಗೆಯೇ ಅಚ್ಚು ಹಾಕಿದ್ದಾರೆ.

ಅಳೆಯುವ ಉಪಕರಣ ಇಲ್ಲದಿದ್ದರೂ ಇದಿಷ್ಟನ್ನು ಇಂದೇ ಮಾಡಬಹುದು. ಪರದೆಯ ತುಂಬ ಖಾಲಿ ಬಿಳಿ ಪುಟವೊಂದನ್ನು ತೆರೆಯಿರಿ. ಪಕ್ಕದಲ್ಲಿ ಒಳ್ಳೆಯ ಬಿಳಿ ಕಾಗದದ ಹಾಳೆ ಹಿಡಿಯಿರಿ. ನೀವು ಎಂದಿನಂತೆ ಕೆಲಸ ಮಾಡುವ ದೀಪದ ಬೆಳಕು ಹಾಳೆಯ ಮೇಲೆ ಬೀಳುತ್ತಿರಲಿ. ಮೊದಲು ಆ ಹಾಳೆ ಬೂದುಬಣ್ಣದ್ದೇನೋ ಎನ್ನುವಷ್ಟು ಮಂಕಾಗಿ ಕಾಣುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬರುವವರೆಗೆ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಪರದೆ ಸತ್ತೇಹೋಯಿತು ಎಂದು ಮೊದಮೊದಲು ಅನಿಸುತ್ತದೆ. ದಯವಿಟ್ಟು ಮತ್ತೆ ಏರಿಸಬೇಡಿ, ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ.

ಕೆಂಪು ಮುಖದ ಮಾತಿಗೆ ಬರೋಣ. ಬಹಳಷ್ಟು ಮಾನಿಟರ್‌ಗಳ ಬಿಳಿಯಲ್ಲಿ ನೀಲಿ ಛಾಯೆ ಹೆಚ್ಚು. ಅದರಲ್ಲಿ ಮುಖ ಕಳೆಗುಂದಿದಂತೆ ಕಾಣುತ್ತದೆ, ನೀವು ಕೆಂಪು-ಹಳದಿ ಏರಿಸುತ್ತೀರಿ, ಏರಿಸಿದ್ದೆಲ್ಲ ಕಾಗದಕ್ಕೆ ಇಳಿಯುತ್ತದೆ. ಮಾನಿಟರ್‌ನ ಮೆನುವಿನಲ್ಲಿ ಬಣ್ಣದ ತಾಪಮಾನವನ್ನು 6500 ಕೆಲ್ವಿನ್‌ಗೆ, ಗಾಮಾವನ್ನು (ನಡುಮಟ್ಟದ ಛಾಯೆಗಳು ಎಷ್ಟು ಬೆಳ್ಳಗೆ ಕಾಣಬೇಕೆಂಬ ಹೊಂದಿಕೆ) 2.2ಕ್ಕೆ ಇಡಿ. 'ವಿವಿಡ್', 'ಡೈನಾಮಿಕ್ ಕಾಂಟ್ರಾಸ್ಟ್', ವಿಂಡೋಸ್‌ನ 'ನೈಟ್ ಲೈಟ್' ಎಲ್ಲವನ್ನೂ ಆರಿಸಿ. ಮುಹೂರ್ತದ ಫೋಟೊದಲ್ಲಿ ಬಿಳಿ ಪಂಚೆ ಇದ್ದೇ ಇರುತ್ತದೆ. ಫೋಟೊಶಾಪ್‌ನ ಇನ್ಫೊ ಫಲಕ ತೆರೆದು ಅದರ ಮೇಲೆ ಕರ್ಸರ್ ಇಡಿ. ಕೆಂಪು 228, ಹಸಿರು 227, ನೀಲಿ 229 ಎಂದು ಮೂರೂ ಹತ್ತಿರ ಹತ್ತಿರ ಇದ್ದರೆ ಆ ಪಂಚೆ ಬಿಳಿಯೇ, ಪರದೆ ಏನನ್ನಾದರೂ ತೋರಿಸಲಿ. ಕೆಂಪು 240, ನೀಲಿ 205 ಎಂದಿದ್ದರೆ ಮುಖವೂ ಕೆಂಪಾಗುವುದು ಖಂಡಿತ. ಅಂಕಿಗಳನ್ನು ಓದುವ ಈ ಅಭ್ಯಾಸವನ್ನು ಪ್ರತಿಯೊಬ್ಬ ಡಿಸೈನರ್ ಬೆಳೆಸಿಕೊಳ್ಳಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಆದರೆ ಅರಿಸಿನ ಶಾಸ್ತ್ರದ ಫೋಟೊಗಳಿಗೆ ಇದನ್ನು ಅನ್ವಯಿಸಬೇಡಿ. ಅಲ್ಲಿ ಬಟ್ಟೆಗೂ ಅರಿಸಿನ ಹತ್ತಿರುತ್ತದೆ, ಹತ್ತಿಯೇ ಇರಬೇಕು.

ಇನ್ನು ನಿಜವಾದ ಕ್ಯಾಲಿಬ್ರೇಷನ್, ಅಂದರೆ ಪರದೆಯನ್ನು ಅಳತೆಗೆ ಸರಿಯಾಗಿ ಹೊಂದಿಸುವುದು. ವಿಂಡೋಸ್‌ನಲ್ಲೇ ಒಂದು ಉಚಿತ ಸಾಧನವಿದೆ. ಅದರಲ್ಲಿ ಸೂಟು ತೊಟ್ಟ ಒಬ್ಬರ ಚಿತ್ರ ಬರುತ್ತದೆ. ಸೂಟು ಮತ್ತು ಅಂಗಿ ಬೇರೆಬೇರೆಯಾಗಿ ಕಾಣಬೇಕು, ಹಿಂದಿನ ಕಪ್ಪಿನಲ್ಲಿರುವ ಗುಣಾಕಾರ ಚಿಹ್ನೆ ಕಂಡೂ ಕಾಣದಂತಿರಬೇಕು. ನೆರಳಿನ ವಿವರಗಳನ್ನು ಸರಿಪಡಿಸಿಕೊಳ್ಳಲು ಅದು ಸಾಕು, ಬಣ್ಣಕ್ಕೆ ಸಾಲದು. ಹತ್ತು ನಿಮಿಷ ನೀಲಿ ಪರದೆ ನೋಡಿದರೆ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ. ಅದಕ್ಕೇ ಕಲರಿಮೀಟರ್ ಬೇಕು. ಅಂಗೈಯಷ್ಟು ದೊಡ್ಡ ಉಪಕರಣ ಅದು. ಪರದೆಯ ಮೇಲೆ ಒರಗುವಂತೆ ತೂಗುಬಿಟ್ಟರೆ ತಂತ್ರಾಂಶ ಒಂದೊಂದೇ ಬಣ್ಣದ ಚೌಕ ತೋರಿಸುತ್ತ ಹೋಗುತ್ತದೆ, ಬರಬೇಕಾಗಿದ್ದ ಬಣ್ಣಕ್ಕೂ ಬಂದ ಬಣ್ಣಕ್ಕೂ ಇರುವ ಅಂತರವನ್ನು ಉಪಕರಣ ಅಳೆಯುತ್ತದೆ. ಆ ಲೆಕ್ಕ ಐಸಿಸಿ ಪ್ರೊಫೈಲ್ ಎಂಬ ಕಡತವಾಗಿ ಉಳಿಯುತ್ತದೆ, ಫೋಟೊಶಾಪ್ ಅದನ್ನು ಓದಿ ಬಣ್ಣವನ್ನು ತಿದ್ದಿ ತೋರಿಸುತ್ತದೆ. ಅಳೆಯುವ ಮೊದಲು ಮಾನಿಟರ್ ಅರ್ಧ ಗಂಟೆಯಾದರೂ ಉರಿದಿರಲಿ. ತಿಂಗಳಿಗೊಮ್ಮೆ ಅಳೆದರೆ ಒಳ್ಳೆಯದು. ಒಬ್ಬರಿಗೇ ದುಬಾರಿ ಎನಿಸಿದರೆ ಊರಿನ ನಾಲ್ಕೈದು ಸ್ಟುಡಿಯೊದವರು ಸೇರಿ ಒಂದನ್ನು ಕೊಳ್ಳಿ. ತಿಂಗಳಲ್ಲಿ ಒಂದು ಗಂಟೆಯ ಕೆಲಸಕ್ಕೆ ಪ್ರತಿಯೊಬ್ಬರೂ ಒಂದೊಂದು ಇಟ್ಟುಕೊಳ್ಳಬೇಕಾಗಿಲ್ಲ.

ಕೋಣೆಯನ್ನೂ ನೋಡಿಕೊಳ್ಳಿ. ಕಿಟಕಿಯ ಬೆಳಕು ಪರದೆಗೆ ಬಡಿಯದಿರಲಿ. ಗಿಳಿಹಸಿರು ಗೋಡೆಯ ಛಾಯೆ ನಿಮ್ಮ ಕಣ್ಣಿನ ತೀರ್ಪನ್ನು ಕೆಡಿಸುತ್ತದೆ, ಬೂದು ಅಥವಾ ಮಾಸಲು ಬಿಳಿಯಾದರೆ ಚೆನ್ನ. ಮಾನಿಟರ್‌ನ ಮೂರು ಬದಿಗೆ ಕಪ್ಪು ರಟ್ಟಿನ ಮರೆ ಅಂಟಿಸಿಕೊಂಡರೂ ಎಷ್ಟೋ ಅನುಕೂಲ.

ಇಷ್ಟಾದ ಮೇಲೆ ಒಂದೇ ಒಂದು ಫೋಟೊವನ್ನು 'ಕರೆಕ್ಷನ್ ಬೇಡ' ಎಂದು ಬರೆದು ಲ್ಯಾಬ್‌ಗೆ ಕಳುಹಿಸಿ. ಅವರ ಯಂತ್ರ ತಾನಾಗಿ ತಿದ್ದಿಬಿಟ್ಟರೆ ನಿಮಗೆ ಏನೂ ತಿಳಿಯುವುದಿಲ್ಲ. ಬಂದ ಪ್ರಿಂಟನ್ನು ಹಗಲಿನಲ್ಲಿ ಕಿಟಕಿಯ ಬಳಿ, ಬಿಸಿಲು ನೇರ ಬೀಳದ ಕಡೆ ಹಿಡಿದು ನೋಡಿ. ಅಂದಾಜಿನ ಮೇಲೆ ಬೆಳ್ಳಗೆ ಮಾಡುವುದನ್ನು ಅಂದಿನಿಂದಲೇ ನಿಲ್ಲಿಸಿ.

ಪ್ರಶ್ನೆ: ಇಳಕಲ್ ಸೀರೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕಿ ಮಾರುತ್ತೇನೆ. 'ಫೋಟೊದ ಕೆಂಪೇ ಬೇರೆ, ಸೀರೆಯ ಕೆಂಪೇ ಬೇರೆ' ಎಂದು ಗಿರಾಕಿಗಳು ಸೀರೆ ವಾಪಸು ಕಳುಹಿಸುತ್ತಾರೆ. ಕಂಪ್ಯೂಟರ್ ಪರದೆ ಸರಿಪಡಿಸಿದರೆ ಆಗುತ್ತದೆಯೇ?

ಉತ್ತರ: ಅರ್ಧ ಆಗುತ್ತದೆ ತಾಯಿ. ಗಿರಾಕಿಯ ಮೊಬೈಲ್ ನಿಮ್ಮ ಕೈಯಲ್ಲಿಲ್ಲ, ಹೊರಡುವ ಫೋಟೊ ಮಾತ್ರ ನಿಮ್ಮ ಕೈಯಲ್ಲಿದೆ. ರೇಷ್ಮೆಯ ಗಾಢ ಕೆಂಪು ಪರದೆಗಳಿಗೆ ಕಷ್ಟದ ಬಣ್ಣ. ಹಿಸ್ಟೊಗ್ರಾಂನಲ್ಲಿ (ಫೋಟೊದಲ್ಲಿ ಕಪ್ಪಿನಿಂದ ಬೆಳಕಿನವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ನಕ್ಷೆ) ಕೆಂಪಿನ ಗೆರೆ ಬಲತುದಿಗೆ ಒತ್ತಿಕೊಂಡಿದ್ದರೆ ಸೆರಗಿನ ತೆನಿಯ ನೇಯ್ಗೆ ಅಳಿಸಿಹೋಗಿ ಬರಿಯ ಕೆಂಪು ಪಟ್ಟಿ ಉಳಿಯುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ತಗ್ಗಿಸಿ ಮತ್ತೆ ತೆಗೆಯಿರಿ. ಎಲ್‌ಇಡಿ ದೀಪದಡಿ ತೆಗೆಯಬೇಡಿ. ಬೆಳಗ್ಗೆ ಜಗುಲಿಯ ನೆರಳಿನಲ್ಲಿ ತೆಗೆಯಿರಿ. ಮೊದಲ ಚಿತ್ರದಲ್ಲಿ ಸೀರೆಯ ಪಕ್ಕ ಗ್ರೇ ಕಾರ್ಡ್ (ಬಣ್ಣದ ಛಾಯೆಯಿಲ್ಲದ ಬೂದು ಹಲಗೆ) ಇಟ್ಟು, ಅದು ಬೂದಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಹೊಂದಿಸಿ, ಅದೇ ಹೊಂದಿಕೆಯನ್ನು ಉಳಿದ ಚಿತ್ರಗಳಿಗೂ ಕೊಡಿ. ಫೋಟೊದ ಕೆಳಗೆ ದಾಳಿಂಬೆ ಕೆಂಪು, ಗಿರಿ ಕುಂಕುಮ ಎಂದು ಬಣ್ಣದ ಹೆಸರು ಬರೆಯಿರಿ. ಸೀರೆ ಉಟ್ಟು ಬಲ್ಲವರಿಗೆ ಆ ಹೆಸರು ಫೋಟೊಗಿಂತ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಹಕ್ಕಿಗಳ ಫೋಟೊ ತೆಗೆಯುತ್ತೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ನೀಲಕಂಠದ ರೆಕ್ಕೆ ಝಗಝಗಿಸುತ್ತದೆ, ಗೆಳೆಯರಿಗೆ ಕಳುಹಿಸಿದರೆ ಮಂಕು. ಯಾಕೆ?

ಉತ್ತರ: ಕ್ಯಾಮೆರಾ ಮೆನುವಿನಲ್ಲಿ ಕಲರ್ ಸ್ಪೇಸ್ 'ಅಡೋಬಿ ಆರ್‌ಜಿಬಿ' ಎಂದಿದೆಯೇ ನೋಡಿ. 1998ರಲ್ಲಿ ಬಂದ ಆ ಬಣ್ಣದ ವ್ಯಾಪ್ತಿ ಹಸಿರು ಮತ್ತು ಹಸಿರುನೀಲಿಯಲ್ಲಿ ವಿಶಾಲ. ಯಾವ ವ್ಯಾಪ್ತಿ ಎಂದು ತಿಳಿಸಲು ಫೋಟೊದೊಳಗೆ ಇರುವ ಪ್ರೊಫೈಲ್ ಕಳಚಿಹೋದ ಕಡೆ ಅದೇ ಅಂಕಿಗಳನ್ನು ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಕಿರಿದಾದ ವ್ಯಾಪ್ತಿ) ಎಂದು ಓದಿದಾಗ ರೆಕ್ಕೆ ಬಣ್ಣಗೆಡುತ್ತದೆ. ಮೂಲ ಕಡತ ಹಾಗೆಯೇ ಇರಲಿ. ಹೊರಗೆ ಕಳುಹಿಸುವ ಪ್ರತಿಯನ್ನು ಮಾತ್ರ ಫೋಟೊಶಾಪ್‌ನ 'ಕನ್ವರ್ಟ್ ಟು ಪ್ರೊಫೈಲ್'ನಿಂದ ಎಸ್‌ಆರ್‌ಜಿಬಿಗೆ ಬದಲಿಸಿ. ಅದರ ಬಳಿಯಲ್ಲೇ 'ಅಸೈನ್ ಪ್ರೊಫೈಲ್' ಎಂದು ಇನ್ನೊಂದಿದೆ, ಅದನ್ನು ಒತ್ತಬೇಡಿ.