ಮಾಲೀಕರಿಲ್ಲದ ದೋಣಿಯಲ್ಲಿ ನೆಂಟರು ರಾತ್ರಿ ತಂಗಬಹುದೇ?

ಪ್ರಶ್ನೆ: ಇಂಗ್ಲೆಂಡಿನ ವಾರ್ವಿಕ್ ಸಮೀಪ, ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ನಮ್ಮದೊಂದು 57 ಅಡಿಯ ನ್ಯಾರೋಬೋಟ್ (ಕಾಲುವೆಗಳಿಗೆಂದೇ ಕಟ್ಟಿದ, ಒಳಗೆ ವಾಸಿಸಬಹುದಾದ ಉದ್ದನೆಯ ಕಿರಿದಾದ ದೋಣಿ) ಇದೆ. ನವೆಂಬರಿನಲ್ಲಿ ತೀರ್ಥಹಳ್ಳಿಯಿಂದ ಅಪ್ಪ, ಅಮ್ಮ, ತಮ್ಮ, ಅವನ ಹೆಂಡತಿ ಮತ್ತು ಆರು ವರ್ಷದ ಮಗಳು ಬರುತ್ತಿದ್ದಾರೆ. ಎರಡು ರಾತ್ರಿ ದೋಣಿಯಲ್ಲೇ ಕಳೆಯಬೇಕೆಂಬುದು ಅವರ ಆಸೆ. ಕೆಲಸವಿರುವುದರಿಂದ ನಾನಾಗಲಿ ಪತ್ನಿಯಾಗಲಿ ಜೊತೆಗಿರಲು ಆಗುವುದಿಲ್ಲ. ದೋಣಿಯನ್ನು ದಡಕ್ಕೆ ಕಟ್ಟಿ, ಸೂಚನೆಗಳನ್ನು ಬರೆದಿಟ್ಟು ಹೋದರೆ ಸಾಕೇ?

ಉತ್ತರ: ಸಾಲದು. ದೋಣಿಯ ಬಗ್ಗೆ ನಿಮಗಿರುವ ತಿಳಿವಳಿಕೆಯ ಬಹುಪಾಲು ನಿಮ್ಮ ಕೈ, ಕಿವಿ, ಮೂಗುಗಳಲ್ಲಿದ್ದು, ನೀವು ದಡಕ್ಕೆ ಇಳಿದಾಗ ಅದೂ ನಿಮ್ಮೊಂದಿಗೆ ಇಳಿದುಹೋಗುತ್ತದೆ. ನಾಲ್ಕು ಪುಟಗಳ ಸೂಚನೆ ಅದರ ಜಾಗವನ್ನು ತುಂಬಲಾರದು. ಆದ್ದರಿಂದ ನೆಂಟರಿಗೆ ಹೆಚ್ಚು ಕಲಿಸುವುದಕ್ಕಿಂತ, ಅವರು ಕಲಿಯಬೇಕಾದದ್ದನ್ನೇ ಕಡಿಮೆ ಮಾಡುವುದು ಉತ್ತಮ. ಆ ಎರಡು ದಿನಗಳ ಮಟ್ಟಿಗೆ ದೋಣಿಯನ್ನು ವಿದ್ಯುತ್ ಸಂಪರ್ಕವಿರುವ ಮರೀನಾಕ್ಕೆ, ಅಂದರೆ ದೋಣಿಗಳನ್ನು ನಿಲ್ಲಿಸುವ ತಂಗುದಾಣಕ್ಕೆ, ಒಯ್ದು ಕಟ್ಟಿ, ಎಂಜಿನ್ ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಅದೇ ಕಾಲುವೆಯ ಹ್ಯಾಟನ್ನಿನಲ್ಲಿರುವ 21 ಲಾಕ್‌ಗಳನ್ನು (ದೋಣಿಗಳನ್ನು ನೀರಿನ ಮಟ್ಟದೊಂದಿಗೆ ಏರಿಸಿ ಇಳಿಸುವ ಬಾಗಿಲುಗಳಿರುವ ಕಟ್ಟೆಗಳನ್ನು) ನೋಡುವ ಆಸೆಯಿದ್ದರೆ ದಡದ ಹಾದಿಯಲ್ಲಿ ನಡೆದೇ ನೋಡಲಿ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಚಳಿಯದು. ಮಲೆನಾಡಿನವರಿಗೆ ಅಗ್ಗಿಷ್ಟಿಕೆ ಹೊಸತಲ್ಲ. ಆದರೆ ಹಂಚಿನ ಮನೆಯ ಸಂದುಗಳಿಂದ ಆಡುವ ಗಾಳಿ, ಏಳು ಅಡಿ ಅಗಲದ ಉಕ್ಕಿನ ಪೆಟ್ಟಿಗೆಯಲ್ಲಿ ಆಡುವುದಿಲ್ಲ. ತಣ್ಣನೆಯ ಗಾಳಿ ಬರುತ್ತಿದೆಯೆಂದು ಯಾರಾದರೂ ಗಾಳಿಕಿಂಡಿಗೆ ಕಾಲುಚೀಲ ತುರುಕಿ, ಬೆಂಕಿ ಬೆಳಗಿನವರೆಗೆ ಉಳಿಯಲೆಂದು ಕಲ್ಲಿದ್ದಲಿನ ಒಲೆಯ ಗಾಳಿದ್ವಾರವನ್ನೂ ಪೂರ್ತಿ ಮುಚ್ಚಿ ಮಲಗಿದರೆ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿಕೊಳ್ಳಬಹುದು. ಅದರ ಮೊದಲ ಲಕ್ಷಣಗಳಾದ ತಲೆನೋವು, ಓಕರಿಕೆಗಳನ್ನು ನಿಮ್ಮವರು ಖಂಡಿತ ಪ್ರಯಾಣದ ಆಯಾಸವೆಂದೇ ತಿಳಿಯುತ್ತಾರೆ. 2013ರ ಏಪ್ರಿಲ್ 1ರಂದು ವಿಂಡರ್ಮಿಯರ್ ಸರೋವರದಲ್ಲಿ, ಕಟ್ಟಿ ನಿಲ್ಲಿಸಿದ್ದ ಮೋಟಾರು ದೋಣಿಯೊಂದರಲ್ಲಿ ಮಲಗಿದ್ದ ತಾಯಿ ಮತ್ತು ಹತ್ತು ವರ್ಷದ ಮಗಳು ಜನರೇಟರಿನ ಹೊಗೆಯಿಂದ ಸತ್ತರು. ಆ ದೋಣಿಯಲ್ಲಿ ಈ ಅನಿಲವನ್ನು ಪತ್ತೆಹಚ್ಚುವ ಅಲಾರಂ ಇತ್ತು, ಆದರೆ ಅದಕ್ಕೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ವಾಸದ ಕೋಣೆಯಿರುವ ದೋಣಿಗಳಿಗೆ ಈ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವುದರಿಂದ ನಿಮ್ಮಲ್ಲಿಯೂ ಇರಲೇಬೇಕು; ಅದರ ಗುಂಡಿ ಒತ್ತಿ ಸದ್ದನ್ನು ಎಲ್ಲರಿಗೂ ಕೇಳಿಸಿ, ಈ ಸದ್ದು ಬಂದರೆ ಕಾರಣ ಹುಡುಕುತ್ತ ಕೂರದೆ ಮಗುವನ್ನು ಎತ್ತಿಕೊಂಡು ದಡಕ್ಕೆ ಹೋಗಬೇಕೆಂದು ಹೇಳಿ. ಕಲ್ಲಿದ್ದಲಿನ ಒಲೆಯನ್ನಂತೂ ಹಚ್ಚುವುದೇ ಬೇಡ. ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಸಾಕು, ಆದರೆ ಮರೀನಾದ ಸಂಪರ್ಕ ಸಾಮಾನ್ಯವಾಗಿ 16 ಆಂಪಿಯರಿನದಾದ್ದರಿಂದ ಹೀಟರ್ ಮತ್ತು ಕೆಟಲ್ ಒಟ್ಟಿಗೆ ಓಡಿದರೆ ವಿದ್ಯುತ್ ಕಡಿದುಹೋಗಬಹುದೆಂಬುದನ್ನು ಮೊದಲೇ ತಿಳಿಸಿ.

ಎರಡನೆಯದು ಅಡುಗೆ ಅನಿಲ. ಊರಿನ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಅಮ್ಮ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದಿಟ್ಟು, ಸ್ವಲ್ಪ ಹೊತ್ತು ಕಾದು ಮತ್ತೆ ಒಲೆ ಹಚ್ಚುತ್ತಾರೆ. ದೋಣಿಯಲ್ಲಿ ಆ ಅಭ್ಯಾಸ ಕೆಲಸಕ್ಕೆ ಬಾರದು, ಏಕೆಂದರೆ ಸಿಲಿಂಡರಿನಲ್ಲಿರುವ, ಗಾಳಿಗಿಂತ ಭಾರವಾದ ಪ್ರೊಪೇನ್ ಅನಿಲ ನೆಲಹಲಗೆಯ ಕೆಳಗೆ, ನೀರು ಒಳನುಗ್ಗದಂತೆ ಎಲ್ಲ ಕಡೆಯೂ ಮುಚ್ಚಿರುವ ತಳದಲ್ಲಿ ಇಳಿದು ನಿಲ್ಲುತ್ತದೆ. ಮೇಲಿನ ಕಿಟಕಿಯಿಂದ ಅದು ಹೋಗದು. ವಾಸನೆ ಬಂದರೆ ದೀಪವನ್ನಾಗಲಿ, ತಳದ ನೀರೆತ್ತುವ ಪಂಪನ್ನಾಗಲಿ ಮುಟ್ಟದೆ ಎಲ್ಲರೂ ಹೊರಬಂದು, ಮುಂಭಾಗದ ಪೆಟ್ಟಿಗೆಯಲ್ಲಿರುವ ಸಿಲಿಂಡರನ್ನು ಹೊರಗಿನಿಂದಲೇ ಮುಚ್ಚಬೇಕು. ಅಡುಗೆ ಮುಗಿದ ಮೇಲೆ ಪ್ರತಿರಾತ್ರಿಯೂ ಅದನ್ನು ಮುಚ್ಚುವುದು ನಿಯಮವಾಗಲಿ.

ಕಾಲುವೆಯ ಆಳ ಬಹಳ ಕಡೆ ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚೆಂದು ನಾವು ಧೈರ್ಯ ಹೇಳಿಕೊಳ್ಳುತ್ತೇವೆ, ಆದರೆ ಆರು ವರ್ಷದ ಮಗುವಿನ ಎತ್ತರವೂ ಅಷ್ಟೇ. ಬಾಗಿಲು ದಾಟಿದ ಕ್ಷಣದಿಂದ ಮಗು ತನ್ನ ಅಳತೆಯ ಲೈಫ್ ಜಾಕೆಟ್ ತೊಟ್ಟಿರಬೇಕು. ಹಿರಿಯರು ದೋಣಿಯ ಅಂಚಿನ ಕಿರುಪಟ್ಟಿಯ ಮೇಲೆ ನಡೆಯಬಾರದು. ಚಪ್ಪಲಿ ಬಿಟ್ಟು, ಜಾರದ ಬೂಟು ಹಾಕಿ, ಕೈ ಹಿಡಿದುಕೊಂಡೇ ಇಳಿಯಲಿ. ನವೆಂಬರಿನ ನೀರಿನಲ್ಲಿ ಬಿದ್ದವರಿಗೆ ಮೊದಲು ಆಗುವುದು ಉಸಿರುಗಟ್ಟಿಸುವ ಚಳಿಯ ಆಘಾತ, ಈಜು ಬಲ್ಲವರಿಗೂ ಅದು ತಪ್ಪಿದ್ದಲ್ಲ. ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಲುವೆಯ ನೀರಿಗೆ ಬಿದ್ದದ್ದನ್ನು ವೈದ್ಯರಿಗೆ ಹೇಳಬೇಕು: ನಮ್ಮ ಗದ್ದೆಗಳ ಇಲಿಜ್ವರ ಇಲ್ಲಿನ ಕಾಲುವೆಗಳಲ್ಲಿಯೂ ಉಂಟು.

ವಿಮಾ ಕಂಪನಿಗೆ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ಮುಂದೊಮ್ಮೆ ಹಣ ಪಡೆದು ಯಾರನ್ನಾದರೂ ಇರಿಸಿಕೊಳ್ಳುವ ಯೋಚನೆಯಿದ್ದರೆ ದೋಣಿಯ ಖಾಸಗಿ ಪರವಾನಗಿ ಅದಕ್ಕೆ ನಡೆಯದು.

ಸೂಚನೆಗಳು ಒಂದೇ ಹಾಳೆಯಲ್ಲಿ ಮುಗಿಯಲಿ: ತುರ್ತು ಕರೆಯ ಸಂಖ್ಯೆ 999, ಮರೀನಾದ ಹೆಸರು, ಪೋಸ್ಟ್‌ಕೋಡ್, ಹತ್ತಿರದ ಸೇತುವೆಯ ಸಂಖ್ಯೆ, ನಿಮ್ಮ ಫೋನ್ ಸಂಖ್ಯೆ. ಐವರಲ್ಲಿ ಒಬ್ಬರೇ, ಬಹುಶಃ ನಿಮ್ಮ ತಮ್ಮನೇ, ಹೊಣೆ ಹೊರಲಿ. ಹಿಂದಿನ ರಾತ್ರಿ ನೀವೂ ಅಲ್ಲೇ ತಂಗಿ, ಎಲ್ಲವನ್ನೂ ಅವನ ಕೈಯಿಂದಲೇ ಮಾಡಿಸಿ, ಬಾಯಿಬಿಡದೆ ನೋಡುತ್ತಿರಿ. ಸಿಲಿಂಡರ್ ಮುಚ್ಚಲು ಅವನು ಮರೆತರೆ, ಮರುದಿನ ನಿಮ್ಮಿಬ್ಬರಲ್ಲಿ ಒಬ್ಬರು ರಜೆ ಹಾಕಿ.