ನಿಮ್ಮ ಶರಣಪ್ಪ 11 ಸಲ ನಕ್ಕಿದ್ದಾನೆ

ನಮಸ್ಕಾರ.

ನೀವು ಪ್ರಕಟಣೆಗೆ ಕಳಿಸಿದ ‘ನಗು’ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿದೆ. ಆದರೆ ಒಳಗೆ ಒಂದು ಒಳ್ಳೆಯ ಕತೆ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಳಂದ ಕಡೆಯ ಶರಣಪ್ಪ ರಾಶಿ ಮುಗಿಸಿ, ತೊಗರಿ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಬರುತ್ತಾನೆ. ರೇಟು ಬಿದ್ದಿದೆ. ಅಡತ್ (ದಲ್ಲಾಳಿ) ಅಂಗಡಿಯವರು ಹಳೇ ಸಾಲ ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರೆ. ಮಗಳಿಗೆ ಹೊಲಿಗೆ ಮಷಿನ್ ತರುತ್ತೇನೆ ಅಂದಿದ್ದವನು ಬರಿಗೈಲಿ ಮನೆಗೆ ಬಂದು ನಗುತ್ತಾನೆ. ಇಷ್ಟೇ ಕತೆ. ಇಷ್ಟು ಸಾಕು ಕೂಡ.

ಆದರೆ ಪೆನ್ಸಿಲ್ ಹಿಡಿದು ಎಣಿಸಿದೆ. 6 ಪುಟದಲ್ಲಿ ಅವನು 11 ಸಲ ನಗುತ್ತಾನೆ. ವಿಷಾದದ ನಗೆ, ಶುಷ್ಕ ನಗೆ, ಅರ್ಥಗರ್ಭಿತ ನಗೆ. ಕೊನೆಗೆ ‘ಆ ನಗು ಇಡೀ ರೈತಕುಲದ ನೋವಿನ ಸಂಕೇತವಾಗಿತ್ತು’ ಅಂತ ನೀವೇ ಬರೆದುಬಿಟ್ಟಿದ್ದೀರಿ. ಇನ್ನು ಓದುವವನಿಗೆ ಏನು ಉಳಿಯಿತು?

ನಗು ತಾನಾಗಿ ಏನನ್ನೂ ಹೇಳುವುದಿಲ್ಲ. ಆ ಗಳಿಗೆಯಲ್ಲಿ ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನುವುದರಿಂದ ಅದಕ್ಕೆ ಅರ್ಥ ಬರುತ್ತದೆ. ಫ್ರೆಂಚ್ ಕತೆಗಾರ ಮೊಪಾಸಾ 1884ರಲ್ಲಿ ಬರೆದ ‘ನೆಕ್ಲೇಸ್’ ಕತೆಯನ್ನೇ ನೋಡಿ. ಮಟಿಲ್ಡ್ ಗೆಳತಿಯ ವಜ್ರದ ಹಾರವನ್ನು ಕಡ ತಂದು ಕಳೆದುಕೊಳ್ಳುತ್ತಾಳೆ. ಗಂಡ ಹೆಂಡತಿ 36,000 ಫ್ರಾಂಕ್ ಕೊಟ್ಟು ಅಂಥದ್ದೇ ಇನ್ನೊಂದನ್ನು ಕೊಂಡು ಹಿಂತಿರುಗಿಸುತ್ತಾರೆ. ಆ ಸಾಲ ತೀರಿಸಲು 10 ವರ್ಷ ದುಡಿದು ಸವೆಯುತ್ತಾರೆ. ಒಂದು ದಿನ ಎದುರಾದ ಗೆಳತಿಗೆ ಮಟಿಲ್ಡ್ ಎಲ್ಲ ಹೇಳುತ್ತಾಳೆ. ಹಾರ ಬದಲಾದದ್ದು ನಿನಗೆ ತಿಳಿಯಲೇ ಇಲ್ಲ ಅಲ್ವಾ ಅಂತ ಹೆಮ್ಮೆಯಿಂದ, ಮಗುವಿನ ಹಾಗೆ ನಗುತ್ತಾಳೆ. ಮರುಗಳಿಗೆ ಗೆಳತಿ ಬಾಯಿ ಬಿಡುತ್ತಾಳೆ: ನನ್ನದು ನಕಲಿ, ಹೆಚ್ಚೆಂದರೆ 500 ಫ್ರಾಂಕ್. ಕತೆ ಅಲ್ಲಿಗೇ ನಿಲ್ಲುತ್ತದೆ. ಮಟಿಲ್ಡ್‌ಳ ಮುಖ ಆಮೇಲೆ ಹೇಗಾಯಿತು ಅಂತ ಮೊಪಾಸಾ ಬರೆಯುವುದಿಲ್ಲ. ನಮಗೆ ಉಳಿಯುವುದು ಆ ನಗು ಮಾತ್ರ.

ಅದಕ್ಕೂ ಮೊದಲೇ ಅಮೆರಿಕದ ಕತೆಗಾರ ಎಡ್ಗರ್ ಅಲನ್ ಪೋ 1846ರ ‘ದಿ ಕ್ಯಾಸ್ಕ್ ಆಫ್ ಅಮಾಂಟಿಲಾಡೋ’ ಕತೆಯಲ್ಲಿ ಇದರ ತಿರುವುಮುರುವು ಮಾಡಿದ್ದ. ಕತೆ ಹೇಳುವವನೇ ಕೊಲೆಗಾರ. ಗೆಳೆಯನ ಮುಖ ನೋಡಿ ಎಂದಿನಂತೆ ನಗುತ್ತಲೇ ಇದ್ದೆ, ಈಗ ಅವನ ಸಾವನ್ನು ನೆನೆದು ನಗುತ್ತಿದ್ದೇನೆ ಅಂತ ಅವನಿಗೆ ತಿಳಿಯಲಿಲ್ಲ ಅಂತ ಶುರುವಿನಲ್ಲೇ ಹೇಳುತ್ತಾನೆ. ಪೋ ಕೂಡ ಬಿಡಿಸಿ ಹೇಳಿದ ಅಲ್ವಾ ಅಂತ ನೀವು ಕೇಳಬಹುದು. ಹೇಳಿದ್ದು ಕೊಲೆಗಾರ, ಪೋ ಅಲ್ಲ. ಹಾಗೆ ಹೇಳಿಕೊಳ್ಳುವುದರಲ್ಲೇ ಅವನು ಎಂಥವನು ಅಂತ ನಮಗೆ ತಿಳಿಯುತ್ತದೆ. ನಿಮ್ಮ ಕತೆಯಲ್ಲಿ ಮಾತಾಡುತ್ತಿರುವುದು ನೀವು.

ಒಬ್ಬನು ಗುಟ್ಟನ್ನು ನಗುವಿನ ನಂತರ ಇಟ್ಟ, ಇನ್ನೊಬ್ಬನು ಮೊದಲೇ ಇಟ್ಟ. ನೀವು ಎರಡೂ ಮಾಡಿಲ್ಲ. ಅಡತ್ ಅಂಗಡಿಯ ಲೆಕ್ಕದ ಚೀಟಿ 2ನೇ ಪುಟದಲ್ಲಿ ಅರ್ಧ, 6ನೇ ಪುಟದಲ್ಲಿ ಅರ್ಧ ಬರುತ್ತದೆ. ಹೀಗಾಗಿ ಮಗಳ ಮುಂದೆ ಅವನು ನಗುವಾಗ ಕೈಯಲ್ಲಿ ಎಷ್ಟು ಉಳಿದಿದೆ ಅಂತ ನಮಗೇ ಗೊತ್ತಿಲ್ಲ. ನಿಮ್ಮ ಕತೆಗೆ ಪೋನ ದಾರಿ ಸರಿ ಅನಿಸುತ್ತದೆ. ಚೀಟಿ ಪೂರ್ತಿ ಮೊದಲೇ ಬರಲಿ. ತೂಕ, ರೇಟು, ಹಮಾಲಿ, ಮುರಿದುಕೊಂಡ ಸಾಲ, ಕೊನೆಗೆ ಉಳಿದ ರೂಪಾಯಿ. ಒಂದು ವಿಶೇಷಣವೂ ಬೇಡ. ಆಮೇಲೆ ಮಗಳು ‘ಏನಾಯ್ತಪ್ಪಾ?’ ಅಂತ ಕೇಳಲಿ. ನಿಮ್ಮ ಕತೆಯಲ್ಲಿ ಅವಳು ‘ತಂದೆಯವರೇ’ ಅನ್ನುತ್ತಾಳೆ. ಆಳಂದದಲ್ಲಿ ಯಾವ ಹುಡುಗಿ ಹಾಗಂತಾಳೆ? ಅವನು ‘ಛಲೋ ಆಯ್ತವ್ವಾ’ ಅಂತ ನಗಲಿ. ಆ ಒಂದು ನಗು ಇರಲಿ, ಉಳಿದ 10 ಹೊಡೆದುಹಾಕಿ.

ಈಗ ನನಗೆ ಬಹಳ ಹಿಡಿಸಿದ ಸಾಲು. 5ನೇ ಪುಟದ ಕೊನೆಗೆ ಬರೆದಿದ್ದೀರಿ: ‘ಶರಣಪ್ಪ ತಲೆಬಾಗಿಲ ಮುಂದೆ ನಿಂತು, ಟವೆಲಿನಿಂದ ಮುಖದ ತೊಗರಿ ಧೂಳು ಒರೆಸಿಕೊಂಡು ಒಳಗೆ ಹೋದ.’ ಆ ಟವೆಲ್ ಮುಖದ ಮೇಲಿದ್ದಷ್ಟು ಹೊತ್ತು ಅವನು ಅತ್ತನೋ, ಹೇಳಬೇಕಾದ ಸುಳ್ಳನ್ನು ಹೊಂದಿಸಿಕೊಂಡನೋ ನಮಗೆ ಕಾಣುವುದಿಲ್ಲ. ಇಡೀ ಕತೆ ಇರುವುದು ಅಲ್ಲಿ. ಅದರ ಬೆನ್ನಿಗೇ ‘ತನ್ನ ನೋವನ್ನು ಮರೆಮಾಚಲು’ ಅಂತ ಸೇರಿಸಿದ್ದೀರಿ. ಅಯ್ಯೋ, ಯಾಕೆ ಮಾರಾಯರೇ?

ಇನ್ನೊಂದು ಸಣ್ಣ ಮಾತು. ರೇಟು ಕೇಳಿದಾಗ ‘ಅವನ ಕೆನ್ನೆ ಕೆಂಪೇರಿತು’ ಅಂದಿದ್ದೀರಿ. ನಮ್ಮ ಬಿಸಿಲಲ್ಲಿ 50 ವರ್ಷ ದುಡಿದವನ ಕೆನ್ನೆ ಕೆಂಪಾದದ್ದು ಯಾರಿಗೆ ಕಾಣುತ್ತದೆ? ಅದು ಬೇರೆ ಕತೆಗಳಿಂದ ಬಂದ ಕೆನ್ನೆ. ಒಂದು ಬೆಳಿಗ್ಗೆ ಗಂಜಿಗೆ ಹೋಗಿ, ಚೀಲದ ಮೇಲೆ ಕೂತವರು ರೇಟು ಕೇಳಿದಾಗ ಏನು ಮಾಡುತ್ತಾರೆ ನೋಡಿ. ಕೆಲವರು ಮುಖವನ್ನೇ ಬದಲಿಸುವುದಿಲ್ಲ. ಒಂದು ಹಿಡಿ ತೊಗರಿ ತೆಗೆದು ಮತ್ತೆ ಚೀಲಕ್ಕೇ ಸುರಿಯುತ್ತಾರೆ.

ತಿದ್ದಿದ ಮೇಲೆ 4 ಪುಟಕ್ಕೆ ಇಳಿದರೆ ಕಳಿಸಿ. ತಲೆಬರಹವನ್ನೂ ಬದಲಿಸಿ. ‘ನಗು’ ಅಂತ ಮೇಲೇ ಬರೆದರೆ, ಅವನು ನಗುವುದಕ್ಕೆ ಮುಂಚೆಯೇ ನಾವು ಕಾಯುತ್ತಾ ಕೂರುತ್ತೇವೆ.